ಲೇಸರ್ ಮೇಲ್ಮೈ ವಿನ್ಯಾಸದ ಇತಿಹಾಸ

ಲೇಸರ್ ಮೇಲ್ಮೈ ವಿನ್ಯಾಸವೆಂದರೆ ಯಂತ್ರದ ಬಿಡಿಭಾಗಗಳ ಮೇಲ್ಮೈಯಲ್ಲಿ ಲೇಸರ್ ಮಿಡಿತಗಳಿಂದ ಸೂಕ್ಷ್ಮ ಕುಳಿ, ಉಬ್ಬು, ಗೀರುಗಳನ್ನು ಮೂಡಿಸಿ ಘರ್ಷಣೆ, ಸವೆತ, ಅಂಟುವಿಕೆಗಳನ್ನು ಹತೋಟಿಗೆ ತರುವ ತಯಾರಿಕಾ ವಿಧಾನ. ಥಿಯೊಡೋರ್ ಮೈಮನ್ 1960ರಲ್ಲಿ ಮಾಣಿಕ್ಯ ಲೇಸರನ್ನು ಬೆಳಗಿಸಿದ ಐದೇ ವರ್ಷಕ್ಕೆ ಮಿಲ್ಟನ್ ಬರ್ನ್‌ಬಾಮ್ ಅರೆವಾಹಕಗಳ ಮೇಲೆ ಅದು ಬಿಟ್ಟ ಸಾಲುಗೀರುಗಳನ್ನು ವರದಿ ಮಾಡಿದರು, ಆದರೆ ಹಾನಿಯೆಂದು. 1966ರಲ್ಲಿ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಮೇಲ್ಮೈಯ ಕಿರು ಏರುತಗ್ಗುಗಳೇ ಎಣ್ಣೆಪದರಕ್ಕೆ ಭಾರ ಹೊರುವ ಬಲ ಕೊಡಬಲ್ಲವೆಂದು ತೋರಿಸಿದರು. ಈ ಎರಡು ತಿಳಿವಳಿಕೆಗಳು ಕಾರ್ಖಾನೆಯಲ್ಲಿ ಕೂಡಲು ಸುಮಾರು ಮೂರು ದಶಕ ಹಿಡಿಯಿತು. ಕೂಡಿಸಿದ್ದು ಲೇಸರಿನ ಶಕ್ತಿಗಿಂತ ಹೆಚ್ಚಾಗಿ, ತೊಂದರೆ ಇಂಥಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಬಹುದಾದ ಸಂದರ್ಭಗಳು.

ಹಾರ್ಡ್ ಡಿಸ್ಕ್ ಇದಕ್ಕೆ ಒಳ್ಳೆಯ ಸಾಕ್ಷಿ. ಮಾಹಿತಿ ಒತ್ತೊತ್ತಾಗಿ ಕೂರಬೇಕಾದರೆ, ಅದನ್ನು ಓದಿ ಬರೆಯುವ ಹೆಡ್ ತಿರುಗುವ ತಟ್ಟೆಗೆ ತೀರಾ ಹತ್ತಿರ ತೇಲಬೇಕು. ಅದಕ್ಕೆ ತಟ್ಟೆ ಕನ್ನಡಿಯಷ್ಟು ನಯವಾಗಿರಬೇಕು. ಆದರೆ ಯಂತ್ರ ನಿಂತಾಗ ಹೆಡ್ ಆ ನಯಕ್ಕೇ ಅಂಟಿಕೊಂಡು, ಮೋಟಾರು ಮತ್ತೆ ತಿರುಗಲು ತಿಣುಕುತ್ತಿತ್ತು. ಇಡೀ ತಟ್ಟೆಯನ್ನು ಒರಟಾಗಿಸಿದರೆ ಮಾಹಿತಿಯ ಜಾಗವೇ ಕೆಡುತ್ತದೆ. 1995ರಲ್ಲಿ ಐಬಿಎಂ ಸಂಶೋಧಕರು ಹೆಡ್ ಇಳಿಯುವ ಪಟ್ಟಿಯಲ್ಲಿ ಮಾತ್ರ, ನ್ಯಾನೊಮೀಟರ್‌ಗಳಲ್ಲಿ ಅಳೆಯುವಷ್ಟು ಗಿಡ್ಡ ಉಬ್ಬುಗಳನ್ನು ಲೇಸರಿನಿಂದ ಎಬ್ಬಿಸುವ ವಿಧಾನವನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಹೈಫಾದ ಟೆಕ್ನಿಯನ್‌ನಲ್ಲಿ ಇಝಾಕ್ ಎಟ್ಸಿಯಾನ್ ಪಂಪುಗಳ ಸೋರಿಕೆ ತಡೆಯುವ ಮೆಕ್ಯಾನಿಕಲ್ ಸೀಲ್‌ಗಳ ಮೇಲೆ ಕುಳಿಗಳನ್ನು ಕೊರೆದರು. ಅವು ಎಣ್ಣೆಯನ್ನು ಹಿಡಿದಿಟ್ಟವು, ಸವೆತದ ಪುಡಿಯನ್ನು ನುಂಗಿದವು, ಜಾರುವ ಮುಖಗಳ ನಡುವೆ ಒತ್ತಡ ಎಬ್ಬಿಸಿ ಅವನ್ನು ಬೇರ್ಪಡಿಸಿದವು.

ಎಣ್ಣೆ ಹಿಡಿಯುವ ಇಂಥ ಕುಳಿಗಳ ಬಗ್ಗೆ, ಎಂಜಿನ್ ಸಿಲಿಂಡರಿನಲ್ಲಿ ಎಣ್ಣೆ ನಿಲ್ಲಿಸಲು ಕಲ್ಲಿನಿಂದ ಗೀರುವ ಹೋನಿಂಗ್ ಮೊದಲೇ ಇತ್ತಲ್ಲ, ಲೇಸರ್ ಹೊಸದಾಗಿ ಏನು ಕೊಟ್ಟಿತು ಎಂಬ ಆಕ್ಷೇಪವಿದೆ. ಹೋನಿಂಗ್ ಕಲ್ಲು ಗೋಡೆಯನ್ನೆಲ್ಲ ಒಂದೇ ಸಮ ಗೀರುತ್ತದೆ. ಲೇಸರಾದರೋ ಪಿಸ್ಟನ್ ಮೇಲೆ ಹೋಗಿ ಹಿಂತಿರುಗುವ, ಎಣ್ಣೆಪದರ ತೆಳುವಾಗುವ ಪಟ್ಟಿಯಲ್ಲಷ್ಟೇ ಜೇಬುಗಳನ್ನು ಕೊರೆಯಬಲ್ಲದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ನಿಂತಾಗ ಹೆಡ್ಡನ್ನು ತಟ್ಟೆಯಿಂದಾಚೆ ಇಳಿಜಾರಿನ ಮೇಲಿಡುವ ವ್ಯವಸ್ಥೆ ಬಂದಮೇಲೆ ಡಿಸ್ಕಿನ ಉಬ್ಬುಗಳು ಬೇಡವಾದವು. ನಿಜ, ಆದರೆ ಇದು ಮೇಲಿನ ವಾದವನ್ನೇ ಬಲಪಡಿಸುತ್ತದೆ. ತೊಂದರೆ ಹೋಯಿತು, ಅದರೊಂದಿಗೆ ವಿನ್ಯಾಸವೂ ಹೋಯಿತು.

ನೀರು ನಿಲ್ಲದ ಮೇಲ್ಮೈಗಳೆಂಬ, ಹೆಚ್ಚು ಸುದ್ದಿಯಾದ ಶಾಖೆಯ ಕಥೆ ಇದಕ್ಕೆ ತದ್ವಿರುದ್ಧ: ಅಲ್ಲಿ ಬೆರಳಿಟ್ಟು ತೋರಿಸುವ ತೊಂದರೆಗಿಂತ ಮೊದಲು ಗುಣವೇ ಬಂತು. ತಾವರೆ ಎಲೆ ನೀರನ್ನು ಉರುಳಿಸುವ ಗುಟ್ಟನ್ನು ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿ ವಿವರಿಸಿದರು. ಸ್ಟ್ರಿಕ್‌ಲ್ಯಾಂಡ್ ಮತ್ತು ಮೂರೂ ಎಂಬ ವಿಜ್ಞಾನಿಗಳು 1985ರಲ್ಲಿ ಹಾದಿ ತೆರೆದ ಅತಿಹ್ರಸ್ವ ಮಿಡಿತಗಳಿಂದ ಲೋಹಕ್ಕೂ ಆ ಗುಣ ಬಂತು. ಆದರೆ ನವಿರು ರಚನೆ ಉಜ್ಜಿದರೆ ಅಳಿಯುತ್ತದೆ, ದೊಡ್ಡ ಹಾಳೆಯನ್ನು ಚುಕ್ಕಿಚುಕ್ಕಿಯಾಗಿ ಕೊರೆಯಲು ಹೊತ್ತು ಹಿಡಿಯುತ್ತದೆ. ಎರಡನೆಯದಕ್ಕೆ ಜರ್ಮನಿಯ ಸಾರ್‌ಬ್ರೂಕನ್ ಮತ್ತು ಡ್ರೆಸ್ಡೆನ್‌ನ ಸಂಶೋಧಕರು ಕಿರಣಗಳನ್ನು ಒಂದರ ಮೇಲೊಂದು ಹಾಯಿಸಿ, ಒಂದೇ ಮಿಡಿತಕ್ಕೆ ಅನೇಕ ಗೆರೆಗಳನ್ನು ಮೂಡಿಸುವ ವಿಧಾನವನ್ನು ಬೆಳೆಸಿದ್ದಾರೆ. ಮೊದಲನೆಯದು ಇನ್ನೂ ಪೂರ್ತಿ ಬಗೆಹರಿದಿಲ್ಲ.