ಕ್ಲಚ್ ವೈರಿನ ಚರಿತ್ರೆಯೂ ಹರಿಹರದ ಲೇತೂ

ಮೋಟಾರ್ ಸೈಕಲಿನ ಎಂಜಿನ್ ಕೂಡಿಸಿ ತಾವೇ ಪುಟ್ಟ ಕಾರು ಕಟ್ಟುವ ಹವ್ಯಾಸ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬೇರೂರಿ ಬಹುಕಾಲವಾಯಿತು. ಇಂಥ ಬಂಡಿಗಳಲ್ಲಿ ಎಂಜಿನ್ನಿಗಿಂತ ಹೆಚ್ಚು ಸತಾಯಿಸುವುದು ಕ್ಲಚ್ ವೈರು. ದಾವಣಗೆರೆ–ಹರಿಹರದ ನನ್ನ ವಿದ್ಯಾರ್ಥಿಗಳಿಗೆ ಅದರ ಚರಿತ್ರೆ ತಿಳಿದಿರಲೆಂದು ಈ ಬರಹ.

ಹೊದಿಕೆಯೊಳಗೆ ಓಡುವ ಈ ತಂತಿಗೆ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಮಾನಿಂಗ್ಟನ್ ಬೌಡನ್. ರಾಲಿ ಸೈಕಲ್ ಕಂಪನಿಯ ಫ್ರಾಂಕ್ ಬೌಡನ್ನರೇ ಇದರ ಜನಕರೆಂದು ಹಲವರು ಭಾವಿಸಿರುವುದು ಸರಿಯಲ್ಲ. ಇದರ ಮರ್ಮವಿರುವುದು ತಂತಿಯಲ್ಲಷ್ಟೇ ಅಲ್ಲ, ಹೊದಿಕೆಯಲ್ಲಿಯೂ ಇದೆ. ಒಳಗಿನ ತಂತಿ ಎಷ್ಟು ಬಲದಿಂದ ಎಳೆಯುವುದೋ ಹೊರಗಿನ ಹೊದಿಕೆ ಅಷ್ಟೇ ಬಲದಿಂದ ತನ್ನ ಎರಡು ತುದಿಗಳನ್ನು ಒತ್ತುತ್ತದೆ. ಆ ತುದಿಗಳನ್ನು ಹಿಡಿದಿರುವ ಪಟ್ಟಿ ಬಾಗಿದರೆ ಪೆಡಲು ನೆಲ ಮುಟ್ಟಿದರೂ ಕ್ಲಚ್ ಬಿಡುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಮೋಟಾರ್ ಸೈಕಲುಗಳಲ್ಲಿ ಈ ವೈರು ಗಿಡ್ಡ. ಮೇಲಾಗಿ ಜಾವಾದಲ್ಲಿ ಗೇರ್ ಪೆಡಲನ್ನು ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. ವೈರು ತುಂಡಾದರೂ ಸವಾರ ಮನೆ ಸೇರಬಲ್ಲವನಾಗಿದ್ದ. ಹಿಂಬದಿ ಎಂಜಿನ್ನಿನ ಆಟೋರಿಕ್ಷಾದಲ್ಲಿಯಾದರೋ ವೈರು ಹ್ಯಾಂಡಲಿನಿಂದ ಹಿಂದಿನವರೆಗೂ ಸಾಗಬೇಕು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ 'ಬಾದಲ್' ಎಂಬ ಮೂರು ಚಕ್ರದ ಕಾರಿಗೂ ಹಿಂಬದಿಯಲ್ಲಿದ್ದುದು 198 ಸಿಸಿಯ ಪುಟ್ಟ ಎಂಜಿನ್ನೇ.

ವಿದ್ಯಾರ್ಥಿಗಳ ಕಾರು ಇದೇ ವಂಶದ್ದು. ಆದರೆ ಇಲ್ಲಿ ಕೈಯ ಕೆಲಸವನ್ನು ಕಾಲು ಮಾಡುತ್ತದೆ. ಉದಾಹರಣೆಗೆ, ಪೆಡಲು 100 ಮಿಲಿಮೀಟರ್ ಚಲಿಸಿದಾಗ ತಂತಿ 10 ಮಿಲಿಮೀಟರ್ ಮಾತ್ರ ಸರಿಯಬೇಕಾದರೆ ಪೆಡಲಿನ ತೋಳುಗಳ ಅನುಪಾತ ಹತ್ತಕ್ಕೆ ಒಂದಿರಬೇಕು. ಕಾಲಿನ ಬಲಕ್ಕೆ ತಂತಿ ಹರಿಯದಂತೆ ಪೆಡಲಿಗೊಂದು ತಡೆಯೂ ಬೇಕು. ಹೊದಿಕೆಯ ಒಟ್ಟು ತಿರುವು ಹೆಚ್ಚಿದಷ್ಟೂ ಘರ್ಷಣೆ ಏರುವುದರಿಂದ ದಾರಿ ಆದಷ್ಟು ನೇರವಾಗಿರಲಿ. ಕೊನೆಗೆ ತುಸು ಸಡಿಲ ಬಿಡಬೇಕು: ಬೈಕಿನಲ್ಲಾದರೆ ಲಿವರಿನ ಬುಡದಲ್ಲಿ 2–3 ಮಿಲಿಮೀಟರ್. ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟುಗಳು ಸುಡುತ್ತವೆ. ಅತಿಯಾದರೆ ಗೇರು ಕಿರುಗುಟ್ಟುತ್ತದೆ.

ಈ ಮಿಲಿಮೀಟರಿನ ಶಿಸ್ತಿಗೆ ನಮ್ಮ ಸೀಮೆಯಲ್ಲಿ ಒಂದು ಪಾಠಶಾಲೆಯಿತ್ತು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಊರಿಗೆ ಹೆಸರು ತಂದವು. ತುಂಗಭದ್ರೆಯ ದಂಡೆಯ ಊರಿನ ಎಷ್ಟೋ ಮನೆಗಳಲ್ಲಿ ಟರ್ನರು, ಫಿಟ್ಟರು ಎಂಬುವು ಹುದ್ದೆಗಳಾಗಿರದೆ ಗೌರವದ ಹೆಸರುಗಳಾಗಿದ್ದವು. 2000ದ ದಶಕದ ಆರಂಭದಲ್ಲಿ ಕಾರ್ಖಾನೆ ನಿಂತುಹೋಯಿತು. ಯಂತ್ರಗಳು ಹರಾಜಾದರೆ ಮತ್ತೆ ಕೊಳ್ಳಬಹುದು. ಬೆರಳ ತುದಿಯಲ್ಲೇ ಅಳತೆ ತಿಳಿಯುವ ಕೈಗಳನ್ನು ಕೊಳ್ಳಲಾಗದು.

ಅಲ್ಲಿ ಪಳಗಿದವರು ಈಗ ವೃದ್ಧರು. ಕಾರು ಕಟ್ಟುವ ಮಕ್ಕಳು ಪೆಡಲಿನ ತೋಳನ್ನು ಕೊರೆಯುವ ಮುನ್ನ ಇಂಥ ಹಿರಿಯರೊಬ್ಬರ ಮನೆಯ ಬಾಗಿಲು ತಟ್ಟಲಿ. ಪುಸ್ತಕದಲ್ಲಿ ಸೂತ್ರವಿದೆ; ಎಷ್ಟು ಬಿಗಿದರೆ ಸಾಕೆಂಬುದು ಅವರಿಗೆ ಗೊತ್ತು.