ದೀಪದ ಪದಗಳೂ ಹಾಡುಗಾರನ ಹೆಸರೂ



ಕೆಳದಿಯ ಅರಸರ ಚರಿತ್ರೆಯನ್ನು ವಿಚಾರಿಸುವವರು ಮೊದಲು ಕೈಗೆತ್ತಿಕೊಳ್ಳುವ ಗ್ರಂಥಗಳಲ್ಲಿ ‘ಕೆಳದಿನೃಪವಿಜಯ’ವೂ ಒಂದು. ಅದನ್ನು ರಚಿಸಿದವನು ಲಿಂಗಣ್ಣ ಕವಿಯೆಂಬುದನ್ನು ನಾವೆಲ್ಲ ಬಲ್ಲೆವು. ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಆ ಮನೆತನದ ಕಡೆಯ ರಾಜಧಾನಿಯಾದ ಬಿದನೂರು ಹೊಸನಗರ ತಾಲ್ಲೂಕಿನ ನಗರ. 1763ರಲ್ಲಿ ಅದು ಹೈದರಾಲಿಯ ವಶವಾಯಿತು. ಅರಸರು ಹೋದರು, ಆಸ್ಥಾನವೂ ಹೋಯಿತು. ಕವಿಯ ಹೆಸರು ಉಳಿಯಿತು. ಇದೇ ಸೀಮೆಯಲ್ಲಿ ಇದಕ್ಕೆ ವಿಪರೀತವಾದ ಇನ್ನೊಂದು ಪರಂಪರೆಯುಂಟು. ಅಲ್ಲಿ ಹಾಡು ಉಳಿದಿದೆ. ಕಟ್ಟಿದವನ ಹೆಸರು ಅಳಿದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಂಟಿಗೆ-ಪಂಟಿಗೆಯ ಪದಗಳನ್ನು ಕುರಿತು ಈ ಮಾತನ್ನು ಹೇಳುತ್ತಿದ್ದೇನೆ.

ದೀಪಾವಳಿಯ ಬಲಿಪಾಡ್ಯಮಿಯ ಸಮಯದಲ್ಲಿ, ರಾತ್ರಿಯ ಹೊತ್ತು, ಹಳ್ಳಿಯ ಗಂಡಸರ ಮೇಳವೊಂದು ದೇವರ ಸನ್ನಿಧಿಯಲ್ಲಿ ದೀಪವನ್ನು ಹೊತ್ತಿಸಿಕೊಂಡು ಹೊರಡುತ್ತದೆ. ಮಲೆನಾಡಿನಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ಒಂದಕ್ಕೂ ಮತ್ತೊಂದಕ್ಕೂ ನಡುವೆ ಗದ್ದೆ, ತೋಟ, ಹಳ್ಳ, ಕಾಡು. ದೀಪವು ಆರದಂತೆ ಕಾಯುತ್ತ ಮೇಳದವರು ಮನೆಯಿಂದ ಮನೆಗೆ ನಡೆಯುತ್ತಾರೆ. ಬಾಗಿಲು ತೆರೆಯಿಸುವುದಕ್ಕೆ ಒಂದು ಪದ, ಬಲೀಂದ್ರನಿಗೆ ಒಂದು ಪದ, ಎಣ್ಣೆ ಎರೆಯುವುದಕ್ಕೆ ಒಂದು ಪದ, ಮನೆಯನ್ನು ಹರಸುವುದಕ್ಕೆ ಮತ್ತೊಂದು. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಎತ್ತಿಕೊಂಡು ಹಾಡುತ್ತಾರೆ. ಮನೆಯವರು ಬಂದ ದೀಪದಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ಅದಕ್ಕೆ ಎಣ್ಣೆಯೆರೆದು, ಅಕ್ಕಿಯನ್ನೋ ಹಣವನ್ನೋ ಹೋಳಿಗೆಯನ್ನೋ ಕೊಟ್ಟು ಕಳುಹಿಸುತ್ತಾರೆ.

ಈ ಪದಗಳನ್ನು ಕೇವಲ ಬಾಯಿಪಾಠವೆಂದು ಭಾವಿಸಲಾಗದು. ಹಿರಿಯರಿಂದ ಕಲಿತ ಪದಕ್ಕೆ ಮನೆಯನ್ನೂ ಸಮಯವನ್ನೂ ನೋಡಿ ನುಡಿಯೊಂದನ್ನು ಸೇರಿಸುವುದು, ಬಾಗಿಲು ತೆರೆಯಲು ತಡಮಾಡಿದ ಯಜಮಾನನನ್ನು ಹಾಸ್ಯಮಾಡುವುದು, ಕೊಟ್ಟ ಕೈಯನ್ನು ಹೊಗಳುವುದು, ಇವೆಲ್ಲವೂ ಮುಂದೆ ನಿಂತು ಹಾಡುವವನ ಜಾಣತನಕ್ಕೆ ಬಿಟ್ಟುದು. ಆ ಕ್ಷಣದಲ್ಲಿ ಅವನು ಗಾಯಕನೂ ಹೌದು, ಕವಿಯೂ ಹೌದು. ಅವನಿಗೆ ಆಸ್ಥಾನವಿಲ್ಲ, ಒಡೆಯನಿಲ್ಲ. ಹಗಲು ಗದ್ದೆಯಲ್ಲಿ ದುಡಿಯುವವನೇ ಇರುಳು ಪದ ಕಟ್ಟುತ್ತಾನೆ.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದ ಮೇಲೆ, ಹಳ್ಳಿಯ ಹಾಡೂ ಕಾವ್ಯವೆಂಬುದನ್ನು ಓದಿದವರು ಒಪ್ಪಿದರು. ಅದು ದೊಡ್ಡ ಉಪಕಾರ. ಆದರೆ ಅಂದಿನಿಂದ ನಮಗೊಂದು ಅಭ್ಯಾಸವೂ ಬೆಳೆದಿದೆ: ಹಾಡಿದವರು ಎದುರಿಗಿದ್ದರೂ ‘ಜನಪದ’ವೆಂದು ಬರೆದು ಸುಮ್ಮನಾಗುವುದು. ಜನಪದಕ್ಕೆ ತನ್ನದೇ ಆದ ಕಂಠವಿಲ್ಲ. ಒಬ್ಬೊಬ್ಬರ ಕಂಠದಿಂದಲೇ ಅದು ಹಾಡುತ್ತದೆ.

ಈ ಉದಾಸೀನದಿಂದ ಆಗುವ ನಷ್ಟವನ್ನು ಶರಾವತಿಯ ತೀರದಲ್ಲಿ ಕಾಣಬಹುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆ ವಿದ್ಯುತ್ತು ಬಂದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನ ಕೆಳಗಾದವು. ಅಲ್ಲಿಯ ಜನ ಚದುರಿಹೋದರು. ಮನೆಯಿಂದ ಮನೆಗೆ ನಡೆಯುವ ಹಾಡಿಗೆ ನಡೆಯುವ ದಾರಿಯೇ ಆಧಾರ. ಗದ್ದೆಯ ವಿಸ್ತೀರ್ಣ ದಫ್ತರದಲ್ಲಿ ಸಿಕ್ಕಬಹುದು. ಆ ಬಾಗಿಲುಗಳಲ್ಲಿ ನಿಂತು ಯಾರು ಯಾವ ನುಡಿ ಕಟ್ಟಿದರೆಂಬುದನ್ನು ಯಾವ ದಫ್ತರವೂ ಬರೆದಿಡದು.

ಹಾಡುಗಾರರೇ ಹೆಸರನ್ನು ಬಯಸಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ, ಅದು ಅವರ ವಿನಯ. ಅವರ ವಿನಯವು ನಮ್ಮ ಮರೆವಿಗೆ ನೆಪವಾಗಬಾರದು.

ಇಂದು ಅಂಗೈಯಲ್ಲಿರುವ ದೂರವಾಣಿಯೇ ಧ್ವನಿಯನ್ನು ಹಿಡಿದಿಡುತ್ತದೆ. ಪಟ್ಟಣದಿಂದ ದೀಪಾವಳಿಗೆಂದು ಊರಿಗೆ ಹೋಗುವ ಶ್ರೋತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ಮೇಳವು ಬಾಗಿಲಿಗೆ ಬಂದಾಗ ಹಾಡನ್ನು ಹಿಡಿದಿಟ್ಟರೆ ಸಾಲದು. ಹಾಡಿದವರ ಅನುಮತಿಯನ್ನು ಪಡೆದು, ಅವರ ಹೆಸರು, ಊರು, ಆ ವರ್ಷ, ಪದವನ್ನು ಯಾರಿಂದ ಕಲಿತರು, ತಾವಾಗಿ ಸೇರಿಸಿದ ನುಡಿ ಯಾವುದು ಎಂಬುದನ್ನೂ ಕೇಳಿ ಬರೆದುಕೊಳ್ಳಿರಿ. ಲಿಂಗಣ್ಣ ಕವಿಗೆ ನಾವು ಸಲ್ಲಿಸಿದ ಮರ್ಯಾದೆ ಅಷ್ಟೇ. ಅದು ಇವರಿಗೂ ಸಲ್ಲತಕ್ಕದ್ದು.