ತಪ್ಪು ಲೆಕ್ಕದೊಳಗೊಂದು ಲೆಕ್ಕ

52ರಲ್ಲಿ 27 ಕಳೆದರೆ ಎಷ್ಟು? ಒಂದು ಮಗು 35 ಅಂತ ಬರೆಯುತ್ತೆ. 81ರಲ್ಲಿ 38 ಕಳೆದು 57 ಅಂತ ಬರೆಯುತ್ತೆ. ಎರಡೂ ತಪ್ಪು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೀತಾರೆ. ನಮ್ಮ ಕೇರಿಯ ಮಗುವಾದ್ರೆ ಗೀಟಿನ ಜೊತೆ ಒಂದು ಮಾತೂ ಬರುತ್ತೆ: "ನಿಮ್ಮೋರಿಗೆ ಲೆಕ್ಕ ತಲೆಗೆ ಹತ್ತಲ್ಲ ಬಿಡೋ." ಈ ಮಾತು ಕೇಳಿಸಿಕೊಳ್ಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟು ಜನ?

ಈಗ ಆ ಉತ್ತರಗಳನ್ನ ಇನ್ನೊಂದ್ಸಲ ನೋಡಿ. ಮೇಲಿದ್ಯೋ ಕೆಳಗಿದ್ಯೋ ಅಂತ ನೋಡದೆ, ಪ್ರತಿ ಸಲ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದೆ ಮಗು. 7ರಲ್ಲಿ 2 ಹೋದ್ರೆ 5, 5ರಲ್ಲಿ 2 ಹೋದ್ರೆ 3. ಪಕ್ಕದಿಂದ ದಶಕ ತರೋದು ಅದಕ್ಕೆ ಅರ್ಥ ಆಗಿಲ್ಲ. ಹಾಗಾಗಿ ತಾನೇ ಒಂದು ನಿಯಮ ಕಟ್ಟಿಕೊಂಡು, ಅದನ್ನ ಚಾಚೂ ತಪ್ಪದೆ ಪಾಲಿಸಿದೆ. ಇದನ್ನ ದಡ್ಡತನ ಅನ್ನೋಕಾಗುತ್ತಾ?

ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಕೆಲಸ ಇದೇ. ಅವರ ಪ್ರೋಗ್ರಾಮಿನ ಹೆಸರು 'ಬಗ್ಗಿ'. ಕಳೆಯೋ ಲೆಕ್ಕವನ್ನ ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಯಾವ ಹೆಜ್ಜೆ ಕೆಟ್ಟರೆ ಯಾವ ತಪ್ಪು ಉತ್ತರ ಬರುತ್ತೆ ಅಂತ ಕಂಪ್ಯೂಟರಿನಲ್ಲಿ ಕಟ್ಟಿದರು. ನಿಕರಾಗುವಾದ ಸುಮಾರು 1300 ಶಾಲಾ ಮಕ್ಕಳ ಉತ್ತರಗಳನ್ನ ಇಟ್ಟುಕೊಂಡು ನೋಡಿದರು. ಬಹಳಷ್ಟು ಮಕ್ಕಳ ತಪ್ಪುಗಳಿಗೆ ಒಂದು ಕ್ರಮ ಇತ್ತು. ಬಡ ದೇಶದ ಮಕ್ಕಳು, ಗಮನಿಸಿ.

ಮುಂದೆ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಾನ್ ಆಂಡರ್ಸನ್, ಮನುಷ್ಯ ಹೇಗೆ ಕಲೀತಾನೆ ಅನ್ನೋ ತಮ್ಮ ಸಿದ್ಧಾಂತದ ಮೇಲೆ ಕಲಿಸುವ ಕಂಪ್ಯೂಟರುಗಳನ್ನೇ ಕಟ್ಟಿದರು. 1990ರ ದಶಕದಲ್ಲಿ ಅವು ಆ ಊರಿನ ಸರ್ಕಾರಿ ಶಾಲೆಗಳಲ್ಲಿ ಬೀಜಗಣಿತ ಕಲಿಸಿದವು. 1995ರಲ್ಲಿ ಆಲ್ಬರ್ಟ್ ಕಾರ್ಬೆಟ್ ಜೊತೆ ಸೇರಿ ಅವರು ವಿವರಿಸಿದ ವಿಧಾನದಲ್ಲಿ ಒಂದೊಂದು ಕೌಶಲಕ್ಕೂ ನಾಲ್ಕು ಸಂಖ್ಯೆ. ಮಗುವಿಗೆ ಇದು ಮೊದಲೇ ಗೊತ್ತಿರೋ ಸಾಧ್ಯತೆ ಎಷ್ಟು? ಒಂದು ಸಲ ಮಾಡಿದಾಗ ಕಲಿಯೋ ಸಾಧ್ಯತೆ? ಗೊತ್ತಿಲ್ಲದೆ ಊಹಿಸಿ ಸರಿ ಮಾಡೋದು? ಗೊತ್ತಿದ್ದೂ ಕೈತಪ್ಪೋದು? ಪ್ರತಿ ಉತ್ತರಕ್ಕೂ ಅಂದಾಜು ಬದಲಾಗುತ್ತೆ. 'ಕಲಿತಿದೆ' ಅನ್ನೋ ಅಂದಾಜು ಶೇ. 95 ದಾಟೋವರೆಗೂ ಆ ಕೌಶಲದ ಲೆಕ್ಕಗಳನ್ನ ಕೊಡ್ತಾನೇ ಇರುತ್ತೆ, ಬೈಯೋದಿಲ್ಲ.

ಈ ನಾಲ್ಕು ಸಂಖ್ಯೆ ಓದಿದಾಗ ನನಗೆ ನಗು ಬಂತು, ಹೊಟ್ಟೆ ಉರೀತು ಕೂಡ. ನಮ್ಮ ತರಗತಿಗಳಲ್ಲೂ ಇದೇ ಲೆಕ್ಕ ನಡೆಯುತ್ತೆ ಅಲ್ವಾ? ಮೇಲ್ಜಾತಿ ಹುಡುಗ ತಪ್ಪು ಮಾಡಿದ್ರೆ ಕೈತಪ್ಪು. ನಮ್ಮ ಹುಡುಗಿ ಸರಿ ಬರೆದ್ರೆ ಊಹೆ, ಇಲ್ಲಾ ಕಾಪಿ. ಮೊದಲನೇ ಸಂಖ್ಯೆಯಂತೂ ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದಾಗಲೇ ನಿರ್ಧಾರ ಆಗಿರುತ್ತೆ. ರೆಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲೇ ಇದನ್ನ ಪರೀಕ್ಷೆ ಮಾಡಿದ್ರು. ಉತ್ತರ ಪತ್ರಿಕೆಗಳ ಮೇಲೆ ಜಾತಿಯನ್ನ ಯಾದೃಚ್ಛಿಕವಾಗಿ, ಅಂದ್ರೆ ಚೀಟಿ ಎತ್ತಿದ ಹಾಗೆ ಬರೆದು ಶಿಕ್ಷಕರಿಗೆ ಕೊಟ್ಟರು. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗಳಿಗೆ ಸರಾಸರಿ ಅಂಕ ಕಡಿಮೆ ಬಂತು.

ಹಾಗಂತ ಯಂತ್ರ ನಮ್ಮ ಕಡೆ ಇದೆ ಅಂತ ನಾನು ಹೇಳ್ತಿಲ್ಲ. ಅದರ ಸಂಖ್ಯೆಗಳು ಹಿಂದೆ ಓದಿದ ಮಕ್ಕಳ ದಾಖಲೆಯಿಂದ ಬರ್ತವೆ. ಮೇಷ್ಟ್ರು ಕೊಟ್ಟ ಹಳೇ ಅಂಕಗಳನ್ನ ತುಂಬಿದರೆ ಆ ಕೆಂಪು ಗೀಟೂ ಒಳಗೆ ಹೋಗುತ್ತೆ, ಆಮೇಲೆ ಅದಕ್ಕೆ ವಿಜ್ಞಾನ ಅಂತ ಹೆಸರು.

ನಿಮ್ಮೂರ ಶಾಲೆಗೆ, ಹಾಸ್ಟೆಲಿಗೆ ಇಂಥ ಕಲಿಕಾ ಆಪ್ ಬಂದಾಗ ಸುಮ್ಮನೆ ಫೋಟೊ ತೆಗೆಸಿಕೊಂಡು ಬರಬೇಡಿ. ಕೇಳಿ: ನಮ್ಮ ಮಗು ಮೊದಲ ಸಲ ಲಾಗಿನ್ ಆದಾಗ ಅದರ ಹೆಸರಿನ ಮುಂದೆ ಯಾವ ಸಂಖ್ಯೆ ಇರುತ್ತೆ? ಅದನ್ನ ಎಲ್ಲಿಂದ ತಂದ್ರಿ?

ಜೈ ಭೀಮ್.